ಹಿಮಕರಡಿಗೆ ಮುನ್ನೂರು ಮೀಟರ್ ಮರ್ಯಾದೆ

ಸ್ವಾಲ್ಬಾರ್ಡ್‌ನಲ್ಲಿ ಈಗ ಹಿಮಕರಡಿ ಕಂಡರೆ 300 ಮೀಟರ್ ದೂರದಲ್ಲೇ ನಿಲ್ಲಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ ಆ ದೂರ 500 ಮೀಟರ್. ಚಳಿಗಾಲದಲ್ಲಿ ಮರಿ ಹಾಕಿದ ತಾಯಿ ಕರಡಿಗಳು ಹಿಮದ ಗುಹೆಯಿಂದ ಹೊರಬಿದ್ದು ಸೀಲ್ ಬೇಟೆಗೆ ಅಲೆಯುವ ದಿನಗಳು ಅವು. ಕರಡಿಯೇ ನಿಮ್ಮತ್ತ ನಡೆದು ಬಂದರೆ? ಹಿಂದೆ ಸರಿಯಬೇಕಾದವರು ನೀವೇ. ನಾರ್ವೆ ಸರ್ಕಾರ 2025ರ ಜನವರಿ 1ರಿಂದ ಜಾರಿಗೆ ತಂದ ನಿಯಮ ಇದು. ಇದರ ಜೊತೆಗೆ ಇನ್ನೂ ಕೆಲವು ಬಂದವು. ಸಂರಕ್ಷಿತ ಪ್ರದೇಶಕ್ಕೆ ಬರುವ ಹಡಗಿನಲ್ಲಿ 200ಕ್ಕಿಂತ ಹೆಚ್ಚು ಪ್ರಯಾಣಿಕರು ಇರಕೂಡದು. ಅಲ್ಲಿ ದಡಕ್ಕೆ ಇಳಿಯುವುದಾದರೆ ಸರ್ಕಾರ ಗುರುತು ಮಾಡಿಕೊಟ್ಟ 43 ಜಾಗಗಳಲ್ಲಿ ಮಾತ್ರ. ಡ್ರೋನ್ ಹಾರಿಸುವಂತಿಲ್ಲ. ಹಕ್ಕಿಗಳು ಗೂಡು ಕಟ್ಟುವ ಬಂಡೆಗಳ ಹತ್ತಿರ ಹಡಗು ಐದು ನಾಟ್‌ಗಿಂತ ಜೋರಾಗಿ ಓಡುವಂತಿಲ್ಲ.

200ರ ಮಿತಿಯಿಂದ ನೂರು, ನೂರೈವತ್ತು ಜನರನ್ನು ಒಯ್ಯುವ ಸಣ್ಣ ಹಡಗುಗಳಿಗೆ ಅಂಥ ನಷ್ಟವೇನಿಲ್ಲ. ಕರಡಿಯಿಂದ ದೂರ, ದಡಕ್ಕಿಳಿಯುವ ಜಾಗ, ಈ ಎರಡು ನಿಯಮ ಇವೆಯಲ್ಲ, ಅವು ನೇರವಾಗಿ ಅವರ ಹೊಟ್ಟೆಪಾಡಿಗೇ ತಟ್ಟುತ್ತವೆ. ಕರಡಿಯನ್ನು ಹತ್ತಿರದಿಂದ ತೋರಿಸುತ್ತೇವೆ, ಯಾರೂ ಕಾಲಿಡದ ದಡಕ್ಕೆ ಕರೆದೊಯ್ಯುತ್ತೇವೆ ಎಂದು ತಾನೇ ಅವರು ಟಿಕೆಟ್ ಮಾರುವುದು? ಆರ್ಕ್ಟಿಕ್ ಯಾತ್ರಾ ಹಡಗು ಕಂಪನಿಗಳ ಒಕ್ಕೂಟ ‘ಏಕೋ’ ಈ ನಿಯಮಗಳು ಕರಡು ಹಂತದಲ್ಲಿದ್ದಾಗಲೇ ಆಕ್ಷೇಪ ಎತ್ತಿತ್ತು. ನಾವೇ ನಮಗೆ ಕಟ್ಟುನಿಟ್ಟು ಮಾಡಿಕೊಂಡಿದ್ದೇವಲ್ಲ, ನಮ್ಮನ್ನೇಕೆ ಕಟ್ಟಿಹಾಕುತ್ತೀರಿ ಎಂಬುದು ಅದರ ವಾದದ ತಿರುಳು.

ಈ ಜಗಳದಲ್ಲಿ ನಾನು ನಾರ್ವೆಯ ಕಡೆ. ಸಣ್ಣ ಹಡಗು ಎಂದ ಮಾತ್ರಕ್ಕೆ ಪಾಪ ಸಣ್ಣದಾಗುತ್ತದೆ ಎಂದು ನಾನು ನಂಬಿಲ್ಲ.

ಸ್ವಾಲ್ಬಾರ್ಡ್ ಎಲ್ಲಿದೆ ಎಂದು ಮೊದಲು ನೋಡಿಬಿಡೋಣ. ನಾರ್ವೆಯ ಉತ್ತರದ ತುದಿಗೂ ಉತ್ತರ ಧ್ರುವಕ್ಕೂ ಹೆಚ್ಚೂಕಡಿಮೆ ನಟ್ಟನಡುವೆ ಇರುವ ದ್ವೀಪಗಳ ಗುಂಪು ಅದು. ಮುಖ್ಯ ಊರು ಲಾಂಗ್‌ಯಿಯರ್‌ಬ್ಯೆನ್. ಉತ್ತರ ಅಕ್ಷಾಂಶ 78 ಡಿಗ್ರಿ, ಜನಸಂಖ್ಯೆ ಸುಮಾರು ಎರಡೂವರೆ ಸಾವಿರ. ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಬೆಕ್ಕು ಸಾಕುವಂತಿಲ್ಲ, ಹಕ್ಕಿಗಳಿಗೆ ಅಪಾಯವೆಂದು. ಊರ ಗಡಿ ದಾಟಿದರೆ ಕರಡಿಯಿಂದ ರಕ್ಷಣೆಗೆ ತಕ್ಕ ಸಾಧನ ಕೈಯಲ್ಲಿರಲೇಬೇಕು. ದ್ವೀಪಗಳ ಸುಮಾರು ಶೇ 65ರಷ್ಟು ನೆಲ ಸಂರಕ್ಷಿತ. ಊರ ಪಕ್ಕದ ಗುಡ್ಡದಲ್ಲಿ 2008ರಲ್ಲಿ ತೆರೆದ ಜಗತ್ತಿನ ಬೀಜ ಭಂಡಾರವಿದೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕಳಿಸಿದ ಜೋಳ, ತೊಗರಿ, ಸಜ್ಜೆ, ಕಡಲೆಯ ಬೀಜಗಳು ಅಲ್ಲಿ ತಣ್ಣಗೆ ಮಲಗಿವೆ. ಪ್ರವಾಸಿಗರಿಗೆ ಬಾಗಿಲಷ್ಟೇ ದರ್ಶನ.

ಸಣ್ಣ ಹಡಗಿನ ಯಾತ್ರೆ ಎಂದರೆ ಏನು? ಕ್ಯಾಸಿನೊ, ಈಜುಕೊಳದ ಜಾರುಬಂಡೆ, ರಾತ್ರಿಯ ನೃತ್ಯ ಇರುವ ಮೂರು ಸಾವಿರ ಜನರ ಹಡಗಲ್ಲ ಇದು. ಹೊರಡುವ ಮೊದಲ ದಿನವೇ ಪ್ರತಿ ಪ್ರಯಾಣಿಕನ ಹೊರ ಉಡುಪಿನ ತಪಾಸಣೆ. ಕೋಟಿನ ಜೇಬಿನಲ್ಲಿ, ಪರಪರ ಎನ್ನುವ ವೆಲ್ಕ್ರೋ ಪಟ್ಟಿಯಲ್ಲಿ ಯಾವುದೋ ದೇಶದ ಹುಲ್ಲಿನ ಬೀಜ ಸಿಕ್ಕಿಕೊಂಡಿರಬಹುದೆಂದು ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆದು ತೆಗೆಯುತ್ತಾರೆ. ಇಳಿಯುವ ಮುನ್ನ ರಬ್ಬರ್ ಬೂಟನ್ನು ಸೋಂಕುನಾಶಕದ ತಟ್ಟೆಯಲ್ಲಿ ಅದ್ದಬೇಕು, ಹತ್ತುವಾಗ ಬ್ರಷ್ ಹಿಡಿದು ಅಡಿಯ ಕೆಸರು ಉಜ್ಜಬೇಕು. ಹಡಗಿನಿಂದ ದಡಕ್ಕೆ ಝೋಡಿಯಾಕ್ ಎಂಬ ಗಾಳಿ ತುಂಬಿದ ರಬ್ಬರ್ ದೋಣಿ, ಒಂದಕ್ಕೆ ಹತ್ತು ಜನ. ಹತ್ತುವಾಗ ನಾವಿಕನ ಅಂಗೈ ಹಿಡಿಯಕೂಡದು. ಮುಂಗೈ ಹಿಡಿಯಬೇಕು, ಅವನು ನಿಮ್ಮ ಮುಂಗೈ ಹಿಡಿಯುತ್ತಾನೆ. ಒದ್ದೆ ಕೈಗವಸು ಜಾರಿ ಕೈಗೆ ಬಂದರೂ ಮನುಷ್ಯ ನೀರಿಗೆ ಬೀಳುವುದಿಲ್ಲ. ಪ್ರಯಾಣಿಕರಿಗಿಂತ ಮೊದಲು ಬಂದೂಕು ಹೊತ್ತ ಕಾವಲುಗಾರರು ದಡಕ್ಕೆ ಹೋಗಿ ಗುಡ್ಡದ ಆಚೆ ಬದಿಯಲ್ಲಿ ಕರಡಿ ಮಲಗಿದೆಯೇ ಎಂದು ನೋಡಿ ಬರುತ್ತಾರೆ. ಆಮೇಲೆ ಉಳಿದವರು. ಸಂಜೆ ಹಡಗಿನ ಹಾಲ್‌ನಲ್ಲಿ ಭೂವಿಜ್ಞಾನಿಯೋ ಪಕ್ಷಿತಜ್ಞರೋ ಪಾಠ ಹೇಳುತ್ತಾರೆ. ಹತ್ತು ದಿನಕ್ಕೆ ತಲೆಗೆ ಹಲವು ಲಕ್ಷ ರೂಪಾಯಿ. ಅದಕ್ಕೆ ತಕ್ಕ ಶಿಸ್ತೂ ಇದೆ, ಅದನ್ನು ಒಪ್ಪಿಕೊಳ್ಳಬೇಕು.

ಈ ಬಗೆಯ ಯಾತ್ರೆಗೆ ದಾರಿ ಹಾಕಿದವನು ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್, ಸ್ವೀಡನ್ ಮೂಲದ ಅಮೆರಿಕನ್. 1966ರಲ್ಲಿ ಪ್ರವಾಸಿಗರನ್ನು ಅಂಟಾರ್ಕ್ಟಿಕಾಕ್ಕೆ ಕರೆದೊಯ್ದ. 1969ರಲ್ಲಿ ಇದಕ್ಕೆಂದೇ ‘ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್’ ಎಂಬ ಪುಟ್ಟ ಕೆಂಪು ಹಡಗು ಕಟ್ಟಿಸಿದ. 1984ರಲ್ಲಿ ಅದು ಕೆನಡಾದ ಮೇಲಿನ ವಾಯವ್ಯ ಜಲಮಾರ್ಗವನ್ನು ದಾಟಿತು. ಕಣ್ಣಾರೆ ನೋಡದ್ದನ್ನು ಜನ ಕಾಪಾಡಲಾರರು ಎಂಬುದು ಅವನ ನಂಬಿಕೆ. ಆ ವಾದಕ್ಕೆ ಆಮೇಲೆ ಬರುತ್ತೇನೆ.

ಆದರೆ ಈ ಉದ್ಯಮ ಕೊಬ್ಬಿದ್ದು ಸೋವಿಯತ್ ಒಕ್ಕೂಟ ಕುಸಿದ ಮೇಲೆ. ಸಂಬಳ ಕೊಡಲು ಕಾಸಿಲ್ಲದ ರಷ್ಯಾದ ಸಂಶೋಧನಾ ಸಂಸ್ಥೆಗಳು ತಮ್ಮ ಗಟ್ಟಿಮುಟ್ಟಾದ ಹಡಗುಗಳನ್ನು ಬಾಡಿಗೆಗೆ ಬಿಟ್ಟವು. ಸಮುದ್ರದೊಳಗಿನ ಶಬ್ದಗಳನ್ನು ಅಧ್ಯಯನ ಮಾಡಲೆಂದು ಫಿನ್‌ಲೆಂಡ್‌ನಲ್ಲಿ ಕಟ್ಟಿದ್ದ ‘ಅಕಾಡೆಮಿಕ್ ಐಯೋಫೆ’, ‘ಅಕಾಡೆಮಿಕ್ ಸೆರ್ಗೆಯ್ ವಾವಿಲೋವ್’ ಎಂಬ ಅವಳಿ ಹಡಗುಗಳಲ್ಲಿ ವಿಜ್ಞಾನಿಗಳ ಕೋಣೆಗಳಿಗೆ ಅಮೆರಿಕ, ಆಸ್ಟ್ರೇಲಿಯಾದ ನಿವೃತ್ತರು ಬಂದು ಮಲಗಿದರು. ಪರಮಾಣು ಶಕ್ತಿಯ ಹಿಮಭಂಜಕಗಳು ಕೂಡ ಪ್ರವಾಸಿಗರನ್ನು ಹತ್ತಿಸಿಕೊಂಡು ಉತ್ತರ ಧ್ರುವಕ್ಕೇ ಹೊರಟವು. ಈಗ ಆ ಕಾಲ ಮುಗಿಯಿತು. ಕಳೆದ ಕೆಲವು ವರ್ಷಗಳಲ್ಲಿ ಇದಕ್ಕೆಂದೇ ಕಟ್ಟಿದ ಹೊಸ ಹಡಗುಗಳು ಸಾಲುಗಟ್ಟಿ ನೀರಿಗಿಳಿದಿವೆ. ಸೌನಾ ಸ್ನಾನದ ಕೋಣೆ, ಬಿಸಿನೀರಿನ ತೊಟ್ಟಿ, ಕೆಲವದರಲ್ಲಿ ಹೆಲಿಕಾಪ್ಟರ್, ಮುಳುಗುದೋಣಿ ಕೂಡ. ಬಿಸಿನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ, ಕೈಯಲ್ಲಿ ಲೋಟ ಹಿಡಿದು ನೀರ್ಗಲ್ಲು ಒಡೆಯುವುದನ್ನು ನೋಡುವುದಕ್ಕೆ ‘ಸಾಹಸ ಯಾತ್ರೆ’ ಎಂದು ಹೆಸರು.

ಸಣ್ಣದು ಎಂಬುದರ ಮರ್ಮ ಇಲ್ಲೇ ಇದೆ. ಬಸ್ಸು ಹೆದ್ದಾರಿ ಬಿಟ್ಟು ಇಳಿಯುವುದಿಲ್ಲ, ಬೈಕು ಗದ್ದೆಯ ಬದುವಿನ ಮೇಲೂ ನುಗ್ಗುತ್ತದೆ. ಮೂರು ಸಾವಿರ ಜನರ ದೊಡ್ಡ ಹಡಗು ಲಾಂಗ್‌ಯಿಯರ್‌ಬ್ಯೆನ್ ಬಂದರಿಗೆ ಬಂದು, ಜನರನ್ನು ಅಂಗಡಿಗಳಿಗೆ ಸುರಿದು, ಸಂಜೆ ಹೊತ್ತಿಗೆ ವಾಪಸು ತುಂಬಿಕೊಂಡು ಹೋಗುತ್ತದೆ. ಊರಿನವರಿಗೆ ತಲೆನೋವು, ಕರಡಿಗೆ ಗೊತ್ತೇ ಆಗುವುದಿಲ್ಲ. ಸಣ್ಣ ಹಡಗಿನ ಲಕ್ಷಣವೇ ಬೇರೆ. ಅದು ಕಿರಿದಾದ ಕೊಲ್ಲಿಯೊಳಗೆ ನುಸುಳುತ್ತದೆ, ವಾಲ್‌ರಸ್‌ಗಳು ಗುಂಪಾಗಿ ಬಿದ್ದುಕೊಂಡಿರುವ ಮರಳ ದಿಬ್ಬ ಹುಡುಕುತ್ತದೆ, ನಕ್ಷೆ ಸರಿಯಾಗಿ ಬರೆದಿಲ್ಲದ ನೀರಿಗೆ ಹೋಗುತ್ತದೆ. ಇಡೀ ಋತುವಿನಲ್ಲಿ ಅದು ಹೊತ್ತು ತರುವ ತಲೆಗಳು ಕಡಿಮೆ ಇರಬಹುದು. ಆದರೆ ಆ ಪ್ರತಿಯೊಂದು ತಲೆಯೂ ಹೋಗುವುದು ಯಾರೂ ಹೋಗದಿದ್ದ ಜಾಗಕ್ಕೆ.

2018ರ ಜುಲೈ 28ರಂದು ಏನಾಯಿತು ನೋಡಿ. ಸ್ವಾಲ್ಬಾರ್ಡ್‌ನ ಉತ್ತರದ ತುದಿಯ ಸ್ಯುಯ್‌ಆಯಾನೆ ದ್ವೀಪಗಳಲ್ಲಿ ‘ಬ್ರೆಮೆನ್’ ಎಂಬ ಜರ್ಮನ್ ಕಂಪನಿಯ ಸಣ್ಣ ಹಡಗಿನ ಕಾವಲುಗಾರರು ದಡಕ್ಕಿಳಿದರು. ಪ್ರಯಾಣಿಕರಿನ್ನೂ ಹಡಗಿನಲ್ಲೇ ಇದ್ದರು. ಇವರು ನಿಯಮದಂತೆ ಜಾಗ ಪರೀಕ್ಷಿಸಲು ಬಂದವರು. ಕಣ್ಣಿಗೆ ಬೀಳದಿದ್ದ ಕರಡಿಯೊಂದು ಒಬ್ಬನ ಮೇಲೆ ಎರಗಿ ತಲೆಗೆ ಗಾಯ ಮಾಡಿತು. ಕೂಗಿ, ಸದ್ದು ಮಾಡಿ ಬೆದರಿಸಿದ್ದಕ್ಕೆ ಬಗ್ಗಲಿಲ್ಲ. ಗುಂಡು ಹಾರಿತು, ಕರಡಿ ಸತ್ತಿತು. ಆ ಫೋಟೊ ಜಗತ್ತೆಲ್ಲ ಸುತ್ತಿತು, ಬೈಗುಳದ ಮಳೆಯೂ ಸುರಿಯಿತು. ಆ ಕಾವಲುಗಾರರನ್ನು ನಾನು ದೂರುವುದಿಲ್ಲ. ತಲೆಯ ಮೇಲೆ ಕರಡಿ ಕೂತಾಗ ಯಾರೂ ಬೇರೆ ಮಾಡುತ್ತಿರಲಿಲ್ಲ. ಕೈಪಿಡಿಯಲ್ಲಿ ಬರೆದ ಹಾಗೆಯೇ ನಡೆದುಕೊಂಡರೂ ಕರಡಿ ಸಾಯಬಹುದು ಎಂಬುದಷ್ಟೇ ನನ್ನ ಮಾತು. ನಾರ್ವೆ 1973ರಿಂದ ಹಿಮಕರಡಿ ಬೇಟೆ ನಿಷೇಧಿಸಿದೆ. ಸ್ವಾಲ್ಬಾರ್ಡ್‌ನಲ್ಲಿ ಖಾಯಂ ನೆಲೆಸಿದ ಕರಡಿಗಳು ಸುಮಾರು 300 ಇದ್ದಾವು, ಅಷ್ಟೇ.

ಇನ್ನು ಮನುಷ್ಯರ ಪಾಡು. 2023ರ ಸೆಪ್ಟೆಂಬರ್ 11ರಂದು ‘ಓಷನ್ ಎಕ್ಸ್‌ಪ್ಲೋರರ್’ ಎಂಬ ಹೊಚ್ಚಹೊಸ ಹಡಗು ಈಶಾನ್ಯ ಗ್ರೀನ್‌ಲೆಂಡ್‌ನ ಆಲ್ಪೆಫ್ಯೋರ್ಡ್ ಎಂಬ ಕೊಲ್ಲಿಯಲ್ಲಿ ಕೆಸರಿಗೆ ಹೂತುಕೊಂಡಿತು. ಹಡಗಿನಲ್ಲಿದ್ದವರು 206 ಜನ. ಆ ಜಾಗ ಜಗತ್ತಿನ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನದೊಳಗಿದೆ. ಅಲ್ಲಿ ಊರು ಕೇರಿ ಏನೂ ಇಲ್ಲ. ಡೆನ್ಮಾರ್ಕ್‌ನ ನೌಕಾಪಡೆಯ ಹತ್ತಿರದ ಹಡಗು ‘ಹತ್ತಿರ’ ಇದ್ದದ್ದು ಎರಡು ಸಾವಿರ ಕಿಲೋಮೀಟರಿಗೂ ಆಚೆ. ಅದು ಹೊರಟು ಬರುವುದರೊಳಗೆ ಭರತದ ನೀರಿಗೆ ಕಾದು ಹಡಗು ತಾನೇ ತೇಲಲು ನೋಡಿತು, ಆಗಲಿಲ್ಲ. ಕೆಲವರಿಗೆ ಕೋವಿಡ್ ಬೇರೆ. ಕೊನೆಗೆ 14ರಂದು ಅದನ್ನು ಎಳೆದು ಬಿಡಿಸಿದ್ದು ‘ತಾರಾಯೋಕ್’ ಎಂಬ ಗ್ರೀನ್‌ಲೆಂಡ್‌ನ ಸಂಶೋಧನಾ ಹಡಗು. ತನ್ನ ಪಾಡಿಗೆ ಮೀನಿನ ಅಧ್ಯಯನಕ್ಕಿದ್ದ ಹಡಗು ಅದು. ಲಕ್ಷ ಲಕ್ಷ ಕೊಟ್ಟು ಬಂದವರನ್ನು ಕೆಸರಿನಿಂದ ಎತ್ತುವ ಕೆಲಸ ಅದರ ಪಾಲಿಗೆ ಬಂತು. ಯಾರಿಗೂ ಏನೂ ಆಗಲಿಲ್ಲ ಎನ್ನುವುದು ಪುಣ್ಯ.

ಪುಣ್ಯವನ್ನೇ ನಂಬಿಕೊಂಡ ಉದ್ಯಮ ಇದು ಎಂದರೆ ತುಸು ಹೆಚ್ಚಾದೀತೇನೋ. ಆದರೂ ಲೆಕ್ಕ ನೋಡಿ. ಲಿಂಡ್‌ಬ್ಲಾಡ್‌ನ ಆ ಕೆಂಪು ಹಡಗು 2007ರ ನವೆಂಬರ್ 23ರಂದು ಅಂಟಾರ್ಕ್ಟಿಕಾ ಬಳಿ ಹಿಮಕ್ಕೆ ಬಡಿದು ತೂತಾಗಿ ಮುಳುಗಿತು. 154 ಜನ ಜೀವರಕ್ಷಕ ದೋಣಿಗಳಲ್ಲಿ ತಾಸುಗಟ್ಟಲೆ ತೇಲಿದರು. ಗಾಳಿ ಆ ಹೊತ್ತು ಸುಮ್ಮನಿತ್ತು, ನಾರ್ವೆಯ ಹಡಗೊಂದು ಎಟಕುವ ದೂರದಲ್ಲಿತ್ತು, ಎಲ್ಲರೂ ಬದುಕಿದರು. ‘ಅಕಾಡೆಮಿಕ್ ಐಯೋಫೆ’ 2018ರ ಆಗಸ್ಟ್‌ನಲ್ಲಿ ಕೆನಡಾದ ಆರ್ಕ್ಟಿಕ್‌ನಲ್ಲಿ ನೆಲ ಕಚ್ಚಿತು. ಪ್ರಯಾಣಿಕರನ್ನು ಹತ್ತಿಸಿಕೊಂಡಿದ್ದು ಅದರ ಅವಳಿ ‘ವಾವಿಲೋವ್’, ಅದು ಆ ಸುತ್ತಿನಲ್ಲೇ ಇದ್ದದ್ದರಿಂದ. ಹೀಗೆ ಪ್ರತಿ ಸಲವೂ ಯಾರೋ ಹತ್ತಿರ ಇದ್ದರು. ಧ್ರುವ ಪ್ರದೇಶದ ಹಡಗುಗಳಿಗೆ ಅಂತರರಾಷ್ಟ್ರೀಯ ನಿಯಮಾವಳಿ 2017ರಿಂದ ಜಾರಿಯಲ್ಲಿದೆ. ಹಡಗಿನ ಹೊಟ್ಟೆ ಎಷ್ಟು ಗಟ್ಟಿ ಇರಬೇಕು, ನೆರವು ಬರುವವರೆಗೆ ಎಷ್ಟು ದಿನ ಬದುಕುವ ಸಾಮಾನು ಇರಬೇಕು ಎಂದೆಲ್ಲ ಅದು ಹೇಳುತ್ತದೆ. ಸಮುದ್ರದ ತಳ ಅಳೆದು ನಕ್ಷೆ ಬರೆಯುವ ಕೆಲಸ ಮಾತ್ರ ಅದರಿಂದ ಆಗುವುದಿಲ್ಲ. ಹಿಮನದಿ ಹಿಂದಕ್ಕೆ ಸರಿದ ಕಡೆ ಹೊಸದಾಗಿ ತೆರೆದ ನೀರಿಗೆ ನಕ್ಷೆಯೇ ಇರುವುದಿಲ್ಲ. ಮುಂದಕ್ಕೆ ಹೋಗಿ ತೋರಿಸು ಎನ್ನುವ ಪ್ರಯಾಣಿಕ ಹಿಂದೆ ಕೂತಿರುತ್ತಾನೆ.

ಸ್ವಾಲ್ಬಾರ್ಡ್‌ನ ಚರಿತ್ರೆ ಓದಿದರೆ ಇನ್ನೊಂದು ಸಂಗತಿ ಕಣ್ಣಿಗೆ ರಾಚುತ್ತದೆ. 1596ರಲ್ಲಿ ಡಚ್ ನಾವಿಕ ಬಾರೆಂಟ್ಸ್ ಇದನ್ನು ಕಂಡ. ಹದಿನೇಳನೇ ಶತಮಾನದಲ್ಲಿ ತಿಮಿಂಗಿಲ ಬೇಟೆಗಾರರು ಬಂದರು. ಸ್ಮೀರೆನ್‌ಬರ್ಗ್‌ನಲ್ಲಿ ಅವರು ಕೊಬ್ಬು ಕಾಯಿಸಿದ ಒಲೆಗಳ ಗುರುತು ಇವತ್ತಿಗೂ ಇದೆ, ಎಣ್ಣೆ ಮರಳು ಕೂಡಿ ಗಟ್ಟಿಯಾದ ಕಪ್ಪು ಕಟ್ಟೆ. ತಿಮಿಂಗಿಲ ಮುಗಿಯಿತು. ವಾಲ್‌ರಸ್ ದಂತಕ್ಕೆ ಬಂದರು, ಅದೂ ಮುಗಿಯುವ ಹೊತ್ತಿಗೆ 1952ರಲ್ಲಿ ರಕ್ಷಣೆ ಸಿಕ್ಕಿತು. 1906ರಲ್ಲಿ ಲಾಂಗ್‌ಯಿಯರ್ ಎಂಬ ಅಮೆರಿಕನ್ ಕಲ್ಲಿದ್ದಲು ಗಣಿ ತೆರೆದ, ಊರಿಗೆ ಅವನದೇ ಹೆಸರು. ಅಲ್ಲಿ ಉಳಿದಿದ್ದ ನಾರ್ವೆಯ ಕೊನೆಯ ಗಣಿ 2025ರ ಜೂನ್‌ನಲ್ಲಿ ಬಾಗಿಲು ಹಾಕಿತು. ಹಡಗಿನಲ್ಲಿ ಬರುವುದು, ಇರುವುದನ್ನು ಬಾಚುವುದು, ಮುಗಿದ ಮೇಲೆ ಬೇರೆ ಏನಿದೆ ಎಂದು ಹುಡುಕುವುದು. ನಾನೂರು ವರ್ಷದ ಅಭ್ಯಾಸ. ಈಗ ಉಳಿದಿರುವುದು ನೋಟ. ಅದನ್ನೂ ಎಣಿಕೆಯಿಲ್ಲದೆ ಮಾರಲು ಬಿಡುವುದಿಲ್ಲ ಎಂದು ಒಂದು ಸರ್ಕಾರ ಮೊದಲೇ ಎದ್ದು ಕೂತಿದ್ದರೆ, ಅದು ಹಳೆಯ ಒಲೆಗಳನ್ನು ನೋಡಿ ಪಾಠ ಕಲಿತಿದೆ ಎಂದೇ ನನ್ನ ಎಣಿಕೆ. ಅಂದಹಾಗೆ, 1946ಕ್ಕಿಂತ ಹಿಂದೆ ಮನುಷ್ಯರು ಅಲ್ಲಿ ಬಿಟ್ಟುಹೋದ ಪ್ರತಿಯೊಂದೂ ಕಾನೂನಿನ ಪ್ರಕಾರ ಪರಂಪರೆಯೇ. ತುಕ್ಕು ಹಿಡಿದ ಮೊಳೆಯನ್ನೂ ಎತ್ತಿ ಜೇಬಿಗೆ ಹಾಕಿಕೊಳ್ಳುವಂತಿಲ್ಲ.

ನಮಗೂ ಈ ದ್ವೀಪಕ್ಕೂ ನೇರ ಸಂಬಂಧವಿದೆ. 1920ರ ಸ್ವಾಲ್ಬಾರ್ಡ್ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅಂದಿನ ಬ್ರಿಟಿಷ್ ಭಾರತವೂ ಇತ್ತು. 79 ಡಿಗ್ರಿಯಲ್ಲಿರುವ ನ್ಯೂ ಓಲೆಸುಂಡ್ ಎಂಬ ಹಳೆಯ ಗಣಿ ಊರು ಈಗ ವಿಜ್ಞಾನಿಗಳ ಊರು. ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ಅಲ್ಲಿದೆ. 2023ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಅಲ್ಲಿಗೆ ಹೋಯಿತು. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಕ್ಷೀಣ ರೇಡಿಯೊ ಸಂಕೇತ ಹಿಡಿಯಲು ‘ಸಾರಸ್’ ಎಂಬ ದೂರದರ್ಶಕವನ್ನು ತೆಪ್ಪದ ಮೇಲೆ ಇಟ್ಟು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟ ಸಂಸ್ಥೆ ಇದೇ. ಮನುಷ್ಯರ ರೇಡಿಯೊ ಗದ್ದಲ ಇಲ್ಲದ ಮೂಲೆ ಭೂಮಿಯ ಮೇಲೆ ಎಲ್ಲಿದೆ ಎಂಬುದು ಅವರ ಹುಡುಕಾಟ. ಆರ್ಕ್ಟಿಕ್‌ನಲ್ಲಿ ಆ ಗದ್ದಲ ಎಷ್ಟಿದೆ ಎಂದು ಅಳೆಯುವುದಕ್ಕೆ ಹೋದರು.

ಬೇಸಿಗೆಯಲ್ಲಿ ಆ ಊರಿಗೂ ಪ್ರವಾಸಿ ಹಡಗು ಬರುತ್ತದೆ. ಸುತ್ತಲ 20 ಕಿಲೋಮೀಟರ್ ರೇಡಿಯೊ ಮೌನದ ವಲಯ. ವೈಫೈ, ಬ್ಲೂಟೂತ್ ಆರಿಸಿ, ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ಎಂದು ಹಡಗಿನಲ್ಲೇ ಸಾರುತ್ತಾರೆ. ಧ್ರುವಯಾತ್ರಿ ಆಮುಂಡ್‌ಸೆನ್‌ನ ವಾಯುನೌಕೆಯನ್ನು 1926ರಲ್ಲಿ ಕಟ್ಟಿದ್ದ ಕಂಬ, ಚೀನಾ ಕೇಂದ್ರದ ಮುಂದಿನ ಕಲ್ಲಿನ ಸಿಂಹಗಳು, ಇಷ್ಟರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಜನ ವಾಪಸಾಗುತ್ತಾರೆ. ನೂರರಲ್ಲಿ ಒಬ್ಬ ಸ್ಮಾರ್ಟ್‌ವಾಚ್‌ನ ಬ್ಲೂಟೂತ್ ಮರೆತಿದ್ದರೆ? ವಿಜ್ಞಾನಿಗಳು ತಾಳ್ಮೆಯುಳ್ಳವರು, ಅಷ್ಟೇ ಹೇಳಬಹುದು.

ಈಗ ಲಿಂಡ್‌ಬ್ಲಾಡ್‌ನ ವಾದ. ಹೋಗಿ ಬಂದವರು ಧ್ರುವ ಪ್ರದೇಶದ ರಾಯಭಾರಿಗಳಾಗುತ್ತಾರೆ, ಊರಿಗೆ ಮರಳಿ ಹವಾಮಾನದ ಪರ ಮಾತಾಡುತ್ತಾರೆ ಎಂದು ಪ್ರತಿ ಕಂಪನಿಯ ಕರಪತ್ರದಲ್ಲೂ ಇದೆ. ನನ್ನ ಪರಿಚಯದ ನಿವೃತ್ತ ದಂಪತಿ ಹೋಗಿ ಬಂದರು. ಒಳ್ಳೆಯವರು, ಕಸ ವಿಂಗಡಿಸುವವರು. ಮೊಬೈಲ್ ತೆಗೆದು ಕರಡಿ ತೋರಿಸಿದರು. ಬೂದು ಕಲ್ಲಿನ ಇಳಿಜಾರು, ಅದರ ಮೇಲೊಂದು ಹಳದಿ ಮಿಶ್ರಿತ ಬಿಳಿ ಚುಕ್ಕೆ. ಅಕ್ಕಿಕಾಳಿನಷ್ಟು. ‘ಇದೇನಾ?’ ಎಂದೆ. ‘ಹೂಂ ಸಾರ್, ದುರ್ಬೀನಿನಲ್ಲಿ ಚೆನ್ನಾಗಿ ಕಾಣಿಸ್ತು. ಅದು ನಮ್ಮ ಕಡೆ ತಿರುಗಿ ಕೂಡ ನೋಡ್ಲಿಲ್ಲ’ ಎಂದರು ಯಜಮಾನರು, ತುಸು ಬೇಸರದಲ್ಲಿ. ಅವರ ಹೆಂಡತಿ ಮಾತ್ರ, ‘ನೋಡದೇ ಇದ್ದದ್ದೇ ಒಳ್ಳೇದಾಯ್ತು ಬಿಡಿ’ ಎಂದು ನಕ್ಕರು. ರಾಯಭಾರದ ಕೆಲಸ ಹೇಗೆ ನಡೆದಿದೆ ಎಂದು ಕೇಳಿದೆ. ‘ಈ ಸಲ ಅಂಟಾರ್ಕ್ಟಿಕಾ ನೋಡ್ತಿದೀವಿ, ಪೆಂಗ್ವಿನ್ ಹತ್ತಿರದಿಂದ ಕಾಣತ್ತಂತೆ’ ಎಂದರು. ಅಲ್ಲಿಗೆ ಹೋಗುವವರ ಸಂಖ್ಯೆ ಋತುವಿಗೆ ಒಂದು ಲಕ್ಷ ದಾಟಿ ಆಗಿದೆ. ರಾಯಭಾರಿಗಳಿಗೆ ಕೊರತೆಯಿಲ್ಲ. ಆರ್ಕ್ಟಿಕ್ ಮಾತ್ರ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ. ಅವರನ್ನು ಅಲ್ಲಿಗೆ ಮುಟ್ಟಿಸುವ ವಿಮಾನ, ಹಡಗುಗಳ ಹೊಗೆಗೂ ಅದರಲ್ಲಿ ಒಂದು ಸಣ್ಣ ಪಾಲಿದೆ.

ಕಂಪನಿಗಳ ದೂರಿನಲ್ಲಿ ನಿಜವೇ ಇಲ್ಲ ಎನ್ನಲಾರೆ. ದಡಕ್ಕಿಳಿಯಲು 43 ಜಾಗ ಎಂದರೆ, ಅಷ್ಟೂ ಹಡಗುಗಳ ಅಷ್ಟೂ ಬೂಟುಗಳು ಅದೇ 43 ಕಡೆ ತುಳಿಯುತ್ತವೆ. ಆ ನೆಲದಲ್ಲಿ ಪಾಚಿ ಒಮ್ಮೆ ಕಿತ್ತುಬಂದರೆ ಮತ್ತೆ ಬೆಳೆಯಲು ದಶಕಗಳೇ ಬೇಕು. ಹಿಮಗಡ್ಡೆ ಅಡ್ಡ ಬಂದು ಗೊತ್ತಾದ ಜಾಗಕ್ಕೆ ಹೋಗಲಾಗದಿದ್ದರೆ ನಾಯಕನಿಗೆ ಬೇರೆ ಆಯ್ಕೆ ಕಡಿಮೆ. ಇದೆಲ್ಲ ಸರಿ. ಆದರೆ 43 ಕಡೆ ಹಾಳಾದದ್ದು ಕಣ್ಣಿಗೆ ಕಾಣುತ್ತದೆ, ಅಳೆಯಬಹುದು, ಮುಂದಿನ ವರ್ಷ ಪಟ್ಟಿಯಿಂದ ಒಂದನ್ನು ತೆಗೆಯಬಹುದು. ಎಲ್ಲೆಲ್ಲೂ ಸ್ವಲ್ಪ ಸ್ವಲ್ಪ ಹಾಳಾದದ್ದನ್ನು ಯಾರು ಅಳೆಯುತ್ತಾರೆ?

ಇಷ್ಟೆಲ್ಲ ಬರೆದ ಮೇಲೂ ಹೋಗುವವರು ಹೋಗುತ್ತಾರೆ, ಹೋಗಲಿ. ದುಡ್ಡು ಕಟ್ಟುವ ಮುನ್ನ ಏಜೆಂಟರನ್ನು ಒಂದೆರಡು ಮಾತು ಕೇಳಿ. ಹಡಗಿನಲ್ಲಿ ಎಷ್ಟು ಜನ, ಅವರಲ್ಲಿ ಒಮ್ಮೆಗೆ ಎಷ್ಟು ಜನ ದಡಕ್ಕಿಳಿಯುತ್ತಾರೆ, ಪ್ರತಿ ಮಾರ್ಗದರ್ಶಿಗೆ ಎಷ್ಟು ಮಂದಿ, ಹಡಗಿಗೆ ಹಿಮದಲ್ಲಿ ಓಡುವ ಯಾವ ದರ್ಜೆಯ ಪ್ರಮಾಣಪತ್ರ ಇದೆ, ಜೊತೆಗೆ ಇನ್ನೊಂದು ಹಡಗು ಆ ಸುತ್ತಿನಲ್ಲಿ ಇರುತ್ತದೆಯೇ. ಕರಡಿ ಹತ್ತಿರದಿಂದ ಕಾಣುವುದು ಗ್ಯಾರಂಟಿ ಎಂದು ಹೇಳಿದರೆ ಆ ಏಜೆಂಟರನ್ನು ಬಿಡಿ, ಒಂದೋ ಅವರಿಗೆ ಕಾನೂನು ಗೊತ್ತಿಲ್ಲ, ಇಲ್ಲವೇ ಮುರಿಯುವ ಯೋಚನೆ ಇದೆ. ವೀಸಾ ವಿಷಯ ಮರೆಯಬೇಡಿ. 1920ರ ಒಪ್ಪಂದದ ದೆಸೆಯಿಂದ ಸ್ವಾಲ್ಬಾರ್ಡ್‌ಗೆ ವೀಸಾ ಬೇಡ. ಆದರೆ ಹೋಗುವ ದಾರಿ ನಾರ್ವೆ, ಬರುವ ದಾರಿಯೂ ನಾರ್ವೆ, ನಡುವೆ ನೀವು ಶೆಂಗೆನ್ ವಲಯದಿಂದ ಹೊರಗೆ ಹೋಗಿ ಬಂದ ಲೆಕ್ಕ. ಎರಡು ಸಲ ಪ್ರವೇಶವಿರುವ ಶೆಂಗೆನ್ ವೀಸಾ ಮಾಡಿಸಿಕೊಳ್ಳಿ. ಒಂದೇ ಪ್ರವೇಶದ್ದು ಹಿಡಿದು ಹೋದರೆ ವಾಪಸು ಬರುವಾಗ ನಾರ್ವೆಯ ಗಡಿಯಲ್ಲೇ ತಡೆದು ನಿಲ್ಲಿಸುತ್ತಾರೆ.